ತುಪಾಕಿ ಬಿಟ್ಟು ಬಂದ ಭಾನುವಾರ

ಕದಿರಪ್ಪ ಕಾಡಿನಲ್ಲಿ ಗುಂಡು ಹಾರಿಸಿ ಐವತ್ತು ವರ್ಷದ ಮೇಲಾಯಿತು. ಆದರೂ ಕಾಮಸಮುದ್ರದ ಸುತ್ತಿನಲ್ಲಿ ಬೇಟೆ ಕದಿರಪ್ಪ ಎಂದರೇ ಅವನ ಗುರುತು. ಡೇರಿಯ ಮುಂದೆ ಹಾಲಿನ ಕ್ಯಾನು ಇಟ್ಟುಕೊಂಡು ನಿಂತಾಗಲೂ, ಬಂಗಾರಪೇಟೆಯಲ್ಲಿ ರೈಲಿಗೆ ಕಾಯುವಾಗಲೂ ಯಾರಾದರೊಬ್ಬರು, "ಏನ್ ಬೇಟೆ ಕದಿರಪ್ಪಣ್ಣ, ಇವತ್ತೇನು ಬಿತ್ತು?" ಎಂದು ಕೇಳಿಯೇ ಕೇಳುತ್ತಾರೆ. "ಇನ್ನೇನ್ ಬೀಳ್ತದೆ, ಇದ್ದ ಎರಡು ಅಲ್ಲು ಬಿತ್ತು" ಎಂದು ಅವನು ನಗುತ್ತಾನೆ.

ಎಪ್ಪತ್ತೆಂಟರ ಜೀವ. ಊರಿನ ಕೊನೆಯ ಮನೆ ಅವನದು. ಹಿತ್ತಲು ದಾಟಿದರೆ ಹೊಲ, ಹೊಲ ದಾಟಿದರೆ ಕಾಡು. ಹೆಂಡತಿ ಮುತ್ಯಾಲಮ್ಮ ಎರಡು ಸೀಮೆಹಸುಗಳನ್ನು ಸಾಕಿಕೊಂಡಿದ್ದಾಳೆ. ಮಗ ವೆಂಕಿ ರಾಗಿ, ಕಡಲೆಕಾಯಿ ಬೆಳೆಯುತ್ತಾನೆ. ಬೇಟೆಯ ಮಾತು ಬಂದರೆ ಕದಿರಪ್ಪ ಪ್ರಾಣಿಯ ಕತೆಯಿಂದ ಶುರುಮಾಡುವುದಿಲ್ಲ, ಪೆರುಮಾಳನ ಕತೆಯಿಂದ ಶುರುಮಾಡುತ್ತಾನೆ.

ಆಗ ಕದಿರಪ್ಪನಿಗೆ ಮೀಸೆ ಚಿಗುರುತ್ತಿದ್ದ ಕಾಲ. ಸೀತಾಫಲದ ದಿನಗಳಲ್ಲಿ ಬುಟ್ಟಿ ಹೊತ್ತು ಕಾಮಸಮುದ್ರದ ಸ್ಟೇಷನ್ನಿಗೆ ಹೋಗಿ, ರೈಲು ನಿಂತಷ್ಟು ಹೊತ್ತಿನಲ್ಲಿ ಕಿಟಕಿ ಕಿಟಕಿಗೆ ಹಣ್ಣು ಮಾರುತ್ತಿದ್ದ. ಒಂದು ಭಾನುವಾರ ಖಾಕಿ ಚಡ್ಡಿ ಹಾಕಿದ ಆಳೊಬ್ಬ ಇಳಿದ. ಹೆಗಲ ಮೇಲೆ ಕ್ಯಾನ್ವಾಸ್ ಚೀಲದಲ್ಲಿ ಬಂದೂಕು, ಕೈಯಲ್ಲಿ ಊಟದ ಡಬ್ಬಿ. ಒಂದು ಹಣ್ಣು ಕೊಂಡು ತಿನ್ನುತ್ತಾ, "ತಂಬಿ, ಕೌಜುಗ ಯಾವ ಕಡೆ ಸಿಗ್ತದೆ?" ಎಂದು ತಮಿಳು ಬೆರೆತ ಕನ್ನಡದಲ್ಲಿ ಕೇಳಿದ. ಇವನು ಯಾರೋ ಫಾರೆಸ್ಟಿನವನೇ ಇರಬೇಕೆಂದು ಕದಿರಪ್ಪನಿಗೆ ಅನುಮಾನ. ಕದಿರಪ್ಪನ ಅಪ್ಪನ ಹತ್ತಿರ ಮದ್ದು ತುಂಬುವ ನಾಡ ತುಪಾಕಿಯೊಂದಿತ್ತು; ಅದಕ್ಕೆ ಯಾವ ಕಾಗದವೂ ಇರಲಿಲ್ಲ. ಹಾಗಾಗಿ ಕಾಡಿಗೆ ನೇರ ಎದುರು ದಿಕ್ಕಿನ ಬೋಳುಗುಡ್ಡ ತೋರಿಸಿ ಕಳಿಸಿಬಿಟ್ಟ.

ಸಂಜೆ ಆ ಮನುಷ್ಯ ಧೂಳು ಮೆತ್ತಿಕೊಂಡು ಕಾಲೆಳೆಯುತ್ತಾ ವಾಪಸ್ಸು ಬಂದ. ಕದಿರಪ್ಪನನ್ನು ನೋಡಿದವನೇ ಬೈಯುವುದರ ಬದಲು ನಗುವುದಕ್ಕೆ ಶುರುಮಾಡಿದ. "ತಂಬಿ, ನೀ ತೋರ್ಸಿದ್ ಕಡೆ ಕಾಗೆ ಕೂಡಾ ಇಲ್ಲಪ್ಪಾ!" ಆ ನಗು ನೋಡಿ ಕದಿರಪ್ಪನಿಗೆ ನಾಚಿಕೆಯಾಯಿತು. ಮನೆಗೆ ಕರೆದುಕೊಂಡು ಹೋದ. ಅವನ ತಾಯಿ ದ್ಯಾವಮ್ಮ ಮುದ್ದೆ, ಹುರುಳಿಕಾಳು ಸಾರು ಬಡಿಸಿದಳು. ಉಣ್ಣುತ್ತಲೇ ಬಂದವನು ತನ್ನ ಪೂರ್ವೋತ್ತರ ಹೇಳಿಕೊಂಡ. ಹೆಸರು ಪೆರುಮಾಳ್. ಚಿನ್ನದ ಗಣಿಯಲ್ಲಿ ನೆಲದ ಕೆಳಗೆ ಕೆಲಸ. ಬಂಡೆ ಕುಸಿಯದಂತೆ ಮರದ ಆಸರೆ ಕೊಡುವ ತಂಡದ ಮೇಸ್ತ್ರಿ. ಒಂಟಿ ನಳಿಗೆಯ ಬಂದೂಕು ಊರು ಬಿಟ್ಟು ಹೋದ ಆಂಗ್ಲೋ ಇಂಡಿಯನ್ ಸಾಹೇಬರೊಬ್ಬರಿಂದ ಕೊಂಡದ್ದು.

"ಇಷ್ಟು ದೂರ ಯಾಕ್ ಬತ್ತೀರಾ ಸ್ವಾಮಿ? ಕೋಳಿ ಕೊಯ್ದ್ರೆ ಆಗಾಕಿಲ್ವಾ?" ಎಂದಳು ದ್ಯಾವಮ್ಮ.

"ಆರು ದಿವ್ಸ ಭೂಮಿ ಒಳಗೆ ಇರ್ತೀನಿ ತಾಯಿ. ಏಳ್ನೇ ದಿವ್ಸ ಆಕಾಶ ನೋಡ್ಬೇಕು ಅನ್ಸತ್ತೆ. ಕೌಜುಗ ಒಂದು ನೆಪ."

ಅಲ್ಲಿಂದ ಶುರುವಾಯಿತು. ಪೆರುಮಾಳ್ ಮಾರಿಕುಪ್ಪಂನಲ್ಲಿ ಬೆಳಗಿನ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಿ ಕಾಮಸಮುದ್ರದಲ್ಲಿ ಇಳಿಯುತ್ತಿದ್ದ. ಪೊಂಗಲ್, ದೀಪಾವಳಿಗೆ ರಜೆ ಕೂಡಿಬಂದರೆ ಒಂದೆರಡು ದಿನ ಕಾಡಿನಲ್ಲೇ ಠಾವು. ಅಲ್ಯೂಮಿನಿಯಂ ಪಾತ್ರೆ, ಅಕ್ಕಿ, ಹುಣಿಸೆಹಣ್ಣು, ಮೆಣಸಿನಕಾಯಿ, ಕಾಗದದಲ್ಲಿ ಸುತ್ತಿದ ಒಣಮೀನು. ಮುತ್ತುಗದ ಎಲೆಯ ಮೇಲೆ ಬಿಸಿ ಅನ್ನ ಹಾಕಿಕೊಂಡರೆ ಅದಕ್ಕೆ ಹೊಗೆಯದೂ ಎಲೆಯದೂ ಕೂಡಿದ ಒಂದು ವಾಸನೆ ಬರುತ್ತಿತ್ತು. ಈಗಲೂ ಮುತ್ಯಾಲಮ್ಮ ಸೌದೆ ಒಲೆ ಹಚ್ಚಿದ ದಿನ ಕದಿರಪ್ಪ ಅಡುಗೆಮನೆಯ ಬಾಗಿಲಲ್ಲಿ ಬಂದು ಸುಮ್ಮನೆ ನಿಲ್ಲುತ್ತಾನೆ. "ಅಸಿವಾ?" ಎಂದು ಅವಳು ಕೇಳುತ್ತಾಳೆ. ಹಸಿವಲ್ಲ.

ಅವರಿಬ್ಬರಿಗೂ ಹೊಂದದೇ ಇದ್ದದ್ದು ಒಂದೇ ವಿಷಯ, ಕಾನೂನು. ಪೆರುಮಾಳನ ಹತ್ತಿರ ಬೇಟೆಯ ಲೈಸೆನ್ಸಿತ್ತು. ಯಾವ ತಿಂಗಳು ಯಾವ ಪ್ರಾಣಿ ಹೊಡೆಯಬಾರದು ಎಂಬುದು ಅವನಿಗೆ ಬಾಯಿಪಾಠ. ಹೆಣ್ಣನ್ನು ಹೊಡೆಯಬಾರದು, ಮರಿಯನ್ನು ಹೊಡೆಯಬಾರದು, ಹೊತ್ತು ಮುಳುಗಿದ ಮೇಲೆ ಹೊಡೆಯಬಾರದು, ನೀರು ಕುಡಿಯಲು ಬಂದದ್ದನ್ನು ಹೊಡೆಯಬಾರದು. ಕದಿರಪ್ಪನ ಮನೆಯಲ್ಲಿ ಮಾತ್ರ ಕಾನೂನೆಂದರೆ ಗಾರ್ಡು ಕಂಡಾಗ ಓಡುವುದು, ಅಷ್ಟೇ.

ಕದಿರಪ್ಪನ ಮದುವೆಗೆ ಮುಂಚಿನ ವರ್ಷ, ಒಂದು ಬೆಳಗಿನ ಜಾವ, ಬಂಡೆಗಳ ನಡುವಿನ ದೊಣೆಯ ಹತ್ತಿರ ಇಬ್ಬರೂ ಕೂತಿದ್ದರು. ಆ ಕಾಡಿನಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುವ ಜಾಗ ಅದೊಂದೇ. ಬಂದೂಕು ಅವತ್ತು ಕದಿರಪ್ಪನ ಕೈಯಲ್ಲಿತ್ತು. ಒಂದು ಹೆಣ್ಣು ಜಿಂಕೆ ಬಂದು ನೀರಿಗೆ ಬಾಯಿಟ್ಟಿತು. ಕಲ್ಲೆಸೆದರೂ ಬೀಳುವಷ್ಟು ಹತ್ತಿರ. ಕದಿರಪ್ಪ ಗುರಿ ಹಿಡಿದ. ಪೆರುಮಾಳ್ ಸದ್ದಿಲ್ಲದೆ ನಳಿಗೆಯ ಮೇಲೆ ಅಂಗೈ ಇಟ್ಟು ಕೆಳಕ್ಕೆ ಒತ್ತಿದ.

"ವೇಣ್ಡಾಂ ಕದಿರಪ್ಪಾ. ಎಣ್ಣು. ಅದೂ ನೀರಲ್ಲಿ."

"ಬಿಡಣ್ಣ, ಈ ಕಾಡಲ್ಲಿ ಯಾವೋನ್ ನೋಡ್ತಾನೆ?"

"ನಾನ್ ನೋಡ್ತಾ ಇದೀನಲ್ಲಾ."

ಜಿಂಕೆ ತಲೆಯೆತ್ತಿ ಒಂದು ಕ್ಷಣ ಇವರತ್ತ ನೋಡಿ ಮಾಯವಾಯಿತು. ಕದಿರಪ್ಪ ಬಂದೂಕನ್ನು ಪೆರುಮಾಳನ ತೊಡೆಯ ಮೇಲೆ ಹಾಕಿ ಎದ್ದ. "ನಮ್ಮ ಕಾಡಲ್ಲಿ ನನಗೇ ಬುದ್ಧಿ ಏಳಾಕ್ ಬಂದವ್ನೆ" ಎಂದು ಗೊಣಗುತ್ತಾ ಊರಿನ ದಾರಿ ಹಿಡಿದ. ಪೆರುಮಾಳ್ ಒಬ್ಬನೇ ಸ್ಟೇಷನ್ನಿಗೆ ನಡೆದು ಹೋದ. ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಸಂಕ್ರಾಂತಿ ಹತ್ತಿರ ಬಂದಾಗ ದ್ಯಾವಮ್ಮ ತಡೆಯಲಾರದೆ, "ಅಷ್ಟು ದಿನ ನಮ್ಮ ಮನೇಲಿ ಉಂಡೋನು ಕಣ್ಲಾ. ಓಗಿ ಕರ್ಕೊಂಬಾ" ಎಂದು ಒಂದು ಚೀಲ ಅವರೆಕಾಯಿ ಕೊಟ್ಟು ಮಗನನ್ನು ರೈಲು ಹತ್ತಿಸಿದಳು. ಕದಿರಪ್ಪ ಗಣಿಯ ಊರನ್ನು ಅದೇ ಮೊದಲು ನೋಡಿದ್ದು. ಚಿನ್ನ ತೆಗೆದು ಬಿಟ್ಟು ಬೆಟ್ಟದಂತೆ ಬಿದ್ದಿದ್ದ ಸೈನೈಡು ಮಣ್ಣಿನ ದಿಬ್ಬಗಳು, ಗಣಿಬಾಯಿಗಳ ಮೇಲೆ ಆಕಾಶದಲ್ಲಿ ತಿರುಗುತ್ತಿದ್ದ ದೊಡ್ಡ ಗಾಲಿಗಳು, ಒಂದಕ್ಕೊಂದು ಅಂಟಿದ ಸಾಲುಮನೆಗಳು. ಮನೆ ಹುಡುಕುತ್ತಾ ನಡೆಯುತ್ತಿದ್ದಾಗ ಕಾಲಡಿಯ ನೆಲ ಗುಡುಗಿದಂತಾಯಿತು. ಅಂಗಡಿಯ ಗಾಜಿನ ಭರಣಿಗಳು ಗಲಗಲ ಅಂದವು. ಹೆಂಗಸರು ಮಕ್ಕಳು ಎಲ್ಲರೂ ಹೊರಗೆ ಬಂದು ಒಂದೇ ದಿಕ್ಕಿಗೆ ಓಡುವುದಕ್ಕೆ ಶುರುಮಾಡಿದರು. ಕೆಳಗೆ ಬಂಡೆ ಸಿಡಿದಿದೆ ಎಂದು ಯಾರೋ ಹೇಳಿದರು. ಯಾವ ಪಾಳಿ ಎಂದು ಕೇಳಿದ, ಬೆಳಗಿನ ಪಾಳಿ. ಪೆರುಮಾಳನ ಪಾಳಿ ಅದೇ.

ಅವರೆಕಾಯಿ ಚೀಲ ಹೆಗಲ ಮೇಲಿಟ್ಟುಕೊಂಡೇ ಕದಿರಪ್ಪ ಗಣಿಯ ಬಾಯಿಯ ಹತ್ತಿರ ನಿಂತ. ಆಳುಗಳನ್ನು ಹೊತ್ತ ಲಿಫ್ಟಿನ ಪಂಜರ ಮೇಲೆ ಬಂದಾಗಲೆಲ್ಲ ಜನ ಉಸಿರು ಬಿಗಿಹಿಡಿದು ಮುಖಗಳನ್ನು ಹುಡುಕುತ್ತಿದ್ದರು. ಯಾರದೋ ಹೆಸರು ಕೂಗಿ ಯಾರೋ ಅಳುತ್ತಿದ್ದರು. ಕೊನೆಗೊಂದು ಸಲ ಪಂಜರದಿಂದ ಬೂದಿ ಬಳಿದುಕೊಂಡಂತಿದ್ದ ಗುಂಪು ಇಳಿಯಿತು. ಅದರಲ್ಲಿ ಕೊನೆಯವನು ಪೆರುಮಾಳ್. ಕದಿರಪ್ಪನನ್ನು ಮೊದಲು ನೋಡಿದ್ದು ಅವನೇ. ಹತ್ತಿರ ಬಂದು ಚೀಲ ಮುಟ್ಟಿ, "ಅವರೆಕಾಯಿಯಾ? ಸೊನೆ ಬಂದಿದ್ಯಾ?" ಎಂದ. ಕದಿರಪ್ಪ ಅವನ ತೋಳು ಹಿಡಿದುಕೊಂಡು ಅತ್ತುಬಿಟ್ಟ.

ಮನೆಯ ಜಗಲಿಯಲ್ಲಿ ಕಾಫಿ ಕುಡಿಯುವಾಗ ಪೆರುಮಾಳ್ ಮೆಲ್ಲಗೆ ಹೇಳಿದ: "ಕೆಳಗೂ ಯಾರೂ ನೋಡಲ್ಲ ತಂಬಿ. ಕತ್ತಲೆ. ಬೇಗ ಮುಗ್ಸಿ ಮೇಲೆ ಓಗೋಣ ಅಂತ ಎಲ್ಲಾರ್ಗೂ ಆಸೆ. ಆದ್ರೂ ಮರ ಕೊಡ್ದೆ ನನ್ ತಂಡದಲ್ಲಿ ಒಬ್ಬನ್ನೂ ಮುಂದೆ ಬಿಡಲ್ಲ. ಇವತ್ತು ನಮ್ ಕಡೆ ಮರ ನಿಂತಿತ್ತು. ಅದಕ್ಕೇ ಕಾಫಿ ಕುಡೀತಾ ಇದೀನಿ." ಜಿಂಕೆಯ ಮಾತನ್ನು ಅವನು ಎತ್ತಲಿಲ್ಲ. ಕದಿರಪ್ಪನೂ ಎತ್ತಲಿಲ್ಲ. ಅವತ್ತಿನಿಂದ ಕಾಡಿನಲ್ಲಿ ಪೆರುಮಾಳ್ ಬೇಡವೆಂದರೆ ಬೇಡ.

ಮದುವೆಯಾಗಿ ಮುತ್ಯಾಲಮ್ಮ ಮನೆಗೆ ಬಂದು ಸ್ವಲ್ಪ ದಿನಕ್ಕೆ ಹೊಸ ಕಾನೂನು ಬಂತು. ಇನ್ನು ಬೇಟೆಯೇ ಇಲ್ಲ. ಋತುವೂ ಇಲ್ಲ, ಲೈಸೆನ್ಸೂ ಇಲ್ಲ. ಕದಿರಪ್ಪನ ಅಪ್ಪ ನಾಡ ತುಪಾಕಿಯನ್ನು ಪಾಳುಬಾವಿಗೆ ಎಸೆದು ಬಂದು ಇಡೀ ದಿನ ಡೆಲ್ಲಿಯವರನ್ನು ಬೈದ. ಎಲ್ಲ ಕಾನೂನೂ ಪಾಲಿಸುವ ಪೆರುಮಾಳ್ ಇದಕ್ಕೂ ತಲೆಯಾಡಿಸುತ್ತಾನೆಂದು ಕದಿರಪ್ಪ ಎಣಿಸಿದ್ದ. ಆದರೆ ಎಲ್ಲರಿಗಿಂತ ಹೆಚ್ಚು ನೊಂದವನು ಅವನೇ.

"ನಾನು ಒಂದು ರೂಲ್ಸು ತಪ್ಪಿಲ್ಲ" ಎಂದ, ಕದಿರಪ್ಪ ನೋಡಲು ಹೋದಾಗ. "ಜೀಪಲ್ಲಿ ಬಂದು ಲೈಟ್ ಬಿಟ್ಟು ಸಿಕ್ಕಿದ್ದೆಲ್ಲಾ ಒಡ್ದವ್ನು ಒಬ್ಬ. ಕಾದು ಕೂತು ಬರೀ ಕೈಲಿ ವಾಪಸ್ ಬಂದವ್ನು ಒಬ್ಬ. ಇಬ್ರಿಗೂ ಒಂದೇ ತೀರ್ಪಾ ಕದಿರಪ್ಪಾ?" ಪೆರುಮಾಳ್ ಬಂದೂಕಿಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಬೀರುವಿನ ಮೇಲಿಟ್ಟ. ಮಳೆಗಾಲ ಕಳೆದರೂ ಅವನು ಕಾಮಸಮುದ್ರದ ಕಡೆ ಸುಳಿಯಲಿಲ್ಲ. ಭಾನುವಾರ ಬೆಳಗಿನ ಗಾಡಿಯ ಶಿಳ್ಳೆ ಕೇಳಿದರೆ ಕದಿರಪ್ಪ ಹಸುವಿನ ಮೈ ತೊಳೆಯುವುದನ್ನೂ ಬಿಟ್ಟು ದಾರಿ ನೋಡುತ್ತಿದ್ದ.

ಸೀತಾಫಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಪೆರುಮಾಳ್ ಬಂದೇಬಿಟ್ಟ. ಹೆಗಲಲ್ಲಿ ಬಂದೂಕಿಲ್ಲ. ಕೈಯಲ್ಲಿ ಅದೇ ಅಲ್ಯೂಮಿನಿಯಂ ಪಾತ್ರೆ, ಒಣಮೀನಿನ ಪೊಟ್ಟಣ.

"ತುಪಾಕಿ ಎಲ್ಲಣ್ಣ?"

"ಮನೇಲಿ. ಕಾನೂನು ಬೇಡ ಅಂದಿರೋದು ಅದಕ್ಕೆ. ನನ್ ಕಾಲಿಗೆ ಬೇಡ ಅಂದಿಲ್ವಲ್ಲ. ಬಾ, ಓಗೋಣ."

ಮುತ್ಯಾಲಮ್ಮ ಸೆರಗು ಅಡ್ಡ ಹಿಡಿದು ನಕ್ಕಳು. ಕದಿರಪ್ಪನಿಗೂ ಅದು ಹುಚ್ಚಾಟವಾಗಿಯೇ ಕಂಡಿತು. ಆದರೂ ಹೊರಟ. ಮೊದಮೊದಲು ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಪೊದೆಯಲ್ಲಿ ಸರಕ್ಕೆಂದರೆ ಭುಜ ತಾನಾಗಿ ಮೇಲೇಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಜೋರಾಗಿ ಮಾತಾಡುತ್ತಾ ನಡೆಯುತ್ತಿದ್ದರು. ಅಷ್ಟು ವರ್ಷ ಕಾಡಿನಲ್ಲಿ ಅವರು ಪಿಸುಗುಟ್ಟಿದ್ದೇ ಹೊರತು ಮಾತಾಡಿದ್ದಿಲ್ಲ. ಪೆರುಮಾಳ್ ಹಾಡುತ್ತಾನೆ ಎಂಬುದೇ ಕದಿರಪ್ಪನಿಗೆ ಗೊತ್ತಿರಲಿಲ್ಲ. ಸಂಜೆಯ ಮಬ್ಬಿನಲ್ಲಿ ಕಾರೆಗಿಡದ ಕೊಂಬೆಯ ಮೇಲೆ ಕಾಡುಪಾಪವೊಂದು ದುಂಡು ಕಣ್ಣು ಬಿಟ್ಟುಕೊಂಡು, ಒಂದು ಕೈ ಎತ್ತಿ, ಮತ್ತೊಂದು ಕೈ ಎತ್ತಿ, ಅವಸರವೇ ಇಲ್ಲದೆ ಹತ್ತುತ್ತಿತ್ತು. ಅದು ಎಲೆಯ ಮರೆಗೆ ಹೋಗುವವರೆಗೂ ಇಬ್ಬರೂ ಕತ್ತು ನೋಯಿಸಿಕೊಂಡು ನಿಂತರು. "ಇದು ಇಲ್ಲೇ ಇತ್ತಾ ಇಷ್ಟು ದಿನಾ?" ಎಂದ ಪೆರುಮಾಳ್. ಬೇಟೆಗೆ ಬಂದಾಗ ತಿನ್ನದ ಪ್ರಾಣಿ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಹಾಗೆ ಬರಿಗೈಯಲ್ಲಿ ಅವರು ತಿರುಗಿದ್ದು ಒಂದು ವರ್ಷವಲ್ಲ, ಎರಡು ವರ್ಷವಲ್ಲ. ವೆಂಕಿ ಹುಟ್ಟಿದ, ಬೆಳೆದ. ಪೆರುಮಾಳನ ಮಗಳು ಕಲ್ಪನ ಓದಿ ಟೀಚರಾದಳು. ಗಣಿ ಮುಚ್ಚಿತು, ಆಕಾಶದ ಗಾಲಿಗಳು ನಿಂತವು. ಆಮೇಲೆ ಪೆರುಮಾಳನ ಎದೆಯೊಳಗೆ ಗಣಿಯ ಧೂಳು ಮಾತಾಡತೊಡಗಿತು. ನಾಲ್ಕು ಹೆಜ್ಜೆ ನಡೆದರೆ ಉಸಿರು ಗೊರಗೊರ ಎನ್ನುತ್ತಿತ್ತು. ಆಂಡರ್ಸನ್‌ಪೇಟೆಯ ಮಗಳ ಮನೆ ಸೇರಿದ ಮೇಲೆ ಅವನು ಕಾಡಿಗೆ ಬರುವುದು ನಿಂತಿತು. ಕದಿರಪ್ಪನೇ ರೈಲು ಹತ್ತಿ ಅವನಲ್ಲಿಗೆ ಹೋಗತೊಡಗಿದ.

ಹೋದ ಚಳಿಗಾಲದಲ್ಲಿ ಕಲ್ಪನ ಫೋನು ಮಾಡಿದಳು. "ಚಿಕ್ಕಪ್ಪಾ, ಅಪ್ಪ ದಿನಾ ಒಂದೇ ಹಟ. ಒಂದ್ಸಲ ಆ ದೊಣೆ ನೋಡ್ಬೇಕಂತೆ. ಏನ್ ಮಾಡೋಣ?"

ಮಾಡುವುದೇನು? ಕಾಡು ಈಗ ಅಭಯಾರಣ್ಯ. ದಾರಿಯ ಬಾಯಲ್ಲಿ ಹಳದಿ ಬೋರ್ಡು, ಅಡ್ಡಲಾಗಿ ಸರಪಳಿ. ಆಂಧ್ರದ ಕಡೆಯಿಂದ ಆನೆಗಳು ಇಳಿಯುತ್ತವೆ. ಕದಿರಪ್ಪ ಆ ಸುತ್ತಿನ ಫಾರೆಸ್ಟ್ ಗಾರ್ಡನ್ನು ಹುಡುಕಿಕೊಂಡು ಹೋದ. ಸೌಂದರ್ಯಾ ಎಂದು, ಚಿತ್ರದುರ್ಗದ ಕಡೆಯ ಹುಡುಗಿ, ಬೂಟು ಹಾಕಿಕೊಂಡು ದಿನವಿಡೀ ಗುಡ್ಡ ಸುತ್ತುವವಳು.

"ಆಗಲ್ಲ ತಾತ. ರೂಲ್ಸ್ ಇಲ್ಲ."

"ಮೊದ್ಲು ತುಪಾಕಿ ಬೇಡ ಅಂದ್ರಿ, ಸರಿ ಅಂದ್ವಿ. ಈಗ ಕಾಲೂ ಇಡಬ್ಯಾಡಿ ಅಂತೀರಲ್ಲವ್ವಾ! ನಾವೇನ್ ಕಾಡ್ನ ಒತ್ಕೊಂಡು ಓಯ್ತೀವಾ?"

ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ. ಯಾಕೆ ಹೋಗಬೇಕು, ಜೊತೆಗಿರುವವರು ಯಾರು ಎಂದು ಕೂರಿಸಿಕೊಂಡು ಕೇಳಿದಳು. ಪೆರುಮಾಳನ ಕತೆ ಕೇಳಿದ ಮೇಲೆ, "ಸಾಹೇಬರ ಹತ್ತಿರ ಕೇಳಿ ನೋಡ್ತೀನಿ" ಎಂದಳು. ಆನೆಗಳು ಗಡಿ ದಾಟಿ ಹೋದ ವಾರ ಅನುಮತಿ ಸಿಕ್ಕಿತು: ಒಂದು ಹಗಲು, ಅವಳೂ ಜೊತೆಗಿರಬೇಕು.

ಜೀಪು ಹೋಗುವಷ್ಟು ದೂರ ಜೀಪು. ಅಲ್ಲಿಂದ ಪ್ಲಾಸ್ಟಿಕ್ ಕುರ್ಚಿಗೆ ಬಿದಿರಿನ ಗಳ ಕಟ್ಟಿ, ವೆಂಕಿಯೂ ಕಾವಲುಗಾರ ಸುಬ್ರಮಣಿಯೂ ಪೆರುಮಾಳನನ್ನು ಹೊತ್ತರು. "ಮೈಸೂರು ಮಹಾರಾಜ ಕೂಡಾ ಇಂಗೆ ಬೇಟೆಗೆ ಓಗಿರಲ್ಲ" ಎಂದು ಅವನು ಉಸಿರೆಳೆದುಕೊಂಡು ನಕ್ಕ. ಕದಿರಪ್ಪ ಕೋಲೂರಿಕೊಂಡು ಹಿಂದೆ. ಹಳೆಯ ಕಾಲುದಾರಿಯನ್ನು ಲಾಂಟಾನ ನುಂಗಿತ್ತು. ಎಲ್ಲಿ ಬಲಕ್ಕೆ ತಿರುಗಬೇಕು ಎಂಬುದು ಕದಿರಪ್ಪನಿಗೆ ತಿಳಿಯದೇ ಹೋಯಿತು. ದಾರಿ ತೋರಿಸಿದವಳು ಸೌಂದರ್ಯಾ. ದೊಣೆ ಸಮೀಪಿಸುವಾಗ ಕದಿರಪ್ಪ ಆತುರದಲ್ಲಿ ಮುಂದೆ ಬಂದಿದ್ದ; ಅವಳು ತಟ್ಟನೆ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದಳು. ಪ್ರಾಣಿಗಳು ನುಸುಳುವ ಕಿಂಡಿಯಲ್ಲಿ ಬೈಕಿನ ಕ್ಲಚ್ ವೈರಿನ ಉರುಳು. ಕದಿರಪ್ಪ ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅವನ ಕಾಲಿಗೇ ಬಿಗಿಯುತ್ತಿತ್ತು.

ಅವನಿಗೆ ಮೈ ಉರಿದುಹೋಯಿತು. "ತುಪಾಕಿ ಇಡ್ದೋನಿಗೆ ಕಣ್ಣಿರ್ತದೆ. ಇದಕ್ಕೆ ಕಣ್ಣೈತಾ? ಗಂಡಾ, ಎಣ್ಣಾ, ಬಸ್ರಿಯಾ, ಬಾಣಂತಿಯಾ, ಏನ್ ಗೊತ್ತು ಇದಕ್ಕೆ? ಇಕ್ಕೋನು ಮನೇಲಿ ಮಲ್ಗವ್ನೆ. ಇಲ್ಲಿ ಅದು ಎಳ್ಡು ದಿನ ಒದ್ದಾಡಿ ಸಾಯ್ತದೆ. ಇದನ್ನ ಬೇಟೆ ಅಂತಾರಾ?"

ಸುಬ್ರಮಣಿ ವೈರು ಬಿಡಿಸುತ್ತಿದ್ದ. ವೆಂಕಿ ಬೆವರು ಒರೆಸಿಕೊಂಡು ಹೇಳಿದ: "ಉರುಳು ತಪ್ಪೇ ಅಪ್ಪಾ. ಆದ್ರೆ ಕಡಲೆಕಾಯ್ ಒಲ ಪೂರ್ತಿ ಅಂದಿ ಉತ್ತಾಕ್ತಲ್ಲ ಓದ ತಿಂಗ್ಳು? ರೈತ ಏನ್ ಮಾಡ್ಬೇಕು?"

ಸೌಂದರ್ಯಾ ಇಬ್ಬರು ಮುದುಕರ ಕಡೆ ತಿರುಗಿದಳು. "ನೀವು ಹೇಳಿ ತಾತ. ಮತ್ತೆ ಲೈಸೆನ್ಸ್ ಕೊಡಬೇಕಾ?"

"ಕೊಡ್ಬೇಕು" ಎಂದ ಕದಿರಪ್ಪ. "ಅಂದಿಗೆ ಮಾತ್ರ. ಒಲಕ್ ಬಂದಿದ್ದಕ್ಕೆ ಮಾತ್ರ. ಮರಿ ಜೊತೆ ಇರೋದನ್ನ ಮುಟ್ಬಾರ್ದು, ನೀರತ್ರ ಒಡೀಬಾರ್ದು. ನಮ್ಮ ಪೆರುಮಾಳಣ್ಣನ ರೂಲ್ಸು."

ಕುರ್ಚಿಯಲ್ಲಿ ಕೂತಿದ್ದ ಪೆರುಮಾಳ್ ತಲೆ ಅಲ್ಲಾಡಿಸಿದ. "ಕೊಡ್ಬಾರ್ದಮ್ಮಾ."

ಕದಿರಪ್ಪ ಬೆಚ್ಚಿಬಿದ್ದ. "ಅಣ್ಣಾ! ಕಾನೂನು ಬಂದಾಗ ಬಾಗ್ಲಲ್ಲಿ ಕೂತು ಕಣ್ಣೀರಾಕ್ದೋನು ನೀನು!"

"ಅವತ್ತು ಕೋಪ ಬಂತು, ಇವತ್ತೂ ಇದೆ. ಆದ್ರೆ ಲೈಸೆನ್ಸು ಇಡ್ಕೊಂಡು ಸುಮ್ನೆ ಕೂರೋಕೆ ಬರ್ಬೇಕು ಕದಿರಪ್ಪಾ. ನಿಂಗೆ ನಾನಿದ್ದೆ, ಕೈ ಒತ್ತೋಕೆ. ಈಗಿನ್ ಉಡುಗ್ರಿಗೆ ಯಾರಿದಾರೆ?"

"ಕಲಿಸ್ಬೇಕು!"

"ಯಾರು? ನೀನಾ? ನೆಟ್ಗೆ ನಡೆಯೋಕಾಗಲ್ಲ ನಿಂಗೆ."

ಇಬ್ಬರೂ ಹಳೆಯ ಕಾಲದ ಹಾಗೆಯೇ ಜಗಳಕ್ಕೆ ಬಿದ್ದರು. ಸೌಂದರ್ಯಾ ತುಟಿಯ ಮೇಲೆ ಬೆರಳಿಟ್ಟಳು.

ಅವರು ದೊಣೆಯ ಬಳಿ ಬಂಡೆಯ ಮರೆಯಲ್ಲಿ ಕಾದು ಕೂತ ಮೇಲೆ, ಆಚೆ ದಡದಲ್ಲಿ ಜಿಂಕೆಗಳು ಕಾಣಿಸಿಕೊಂಡವು. ಒಂದು ಹೆಣ್ಣು ಮುಂದೆ ಬಂದಿತು, ಅದರ ಹಿಂದೆ ಕಾಲು ಇನ್ನೂ ಗಟ್ಟಿಯಾಗದ ಮರಿ. ಒಂದೊಂದಾಗಿ ನೀರಿಗೆ ಬಾಯಿಟ್ಟವು. ಅದೇ ಹೊತ್ತಿಗೆ ಪೆರುಮಾಳನಿಗೆ ಕೆಮ್ಮು ಏರಿತು. ಅವನು ಟವೆಲ್ಲನ್ನು ಬಾಯಿಗೆ ತುರುಕಿ ಎರಡೂ ಕೈಯಲ್ಲಿ ಒತ್ತಿ ಹಿಡಿದ. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಸುರಿಯಿತು, ಭುಜ ನಡುಗಿತು. ಕದಿರಪ್ಪ ಹೆದರಿ ಅವನ ಬೆನ್ನ ಮೇಲೆ ಕೈಯಿಟ್ಟ. ಪೆರುಮಾಳ್ ತಲೆಯಾಡಿಸಿ, ಬೆರಳಿನಿಂದ ಮರಿಯ ಕಡೆ ತೋರಿಸಿದ: ಕುಡಿಯಲಿ, ಮುಗಿಸಲಿ. ಮರಿ ನೀರು ಕುಡಿದು, ಮೂಗು ಕೊಡವಿ, ತಾಯಿಯ ಹೊಟ್ಟೆಗೆ ಒರಗಿತು. ಆಮೇಲೆ ಅವನು ಟವೆಲ್ ಕಿತ್ತ. ಆ ಕೆಮ್ಮಿಗೆ ಬಂಡೆಗಳೇ ದನಿಗೊಟ್ಟವು. ಜಿಂಕೆಗಳು ಚಂಗನೆ ನೆಗೆದು ಚದುರಿದವು. ಉಸಿರು ಮರಳಿ ಬಂದ ಮೇಲೆ ಪೆರುಮಾಳ್ ಹೇಳಿದ್ದು ಇಷ್ಟೇ: "ಚೆನ್ನಾಗಿದೆ ಮರಿ."

ಆ ರಾತ್ರಿ ಅವನಿಗೆ ಜ್ವರ ಬಂದು ನಾಲ್ಕಾರು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಕಲ್ಪನ ಕದಿರಪ್ಪನಿಗೆ ಬೈದಳು, ಆಮೇಲೆ ತಾನೇ ಅತ್ತಳು. ಪೆರುಮಾಳ್ ಚೇತರಿಸಿಕೊಂಡು ಮನೆಗೆ ಬಂದ. ಈಗ ಆಂಡರ್ಸನ್‌ಪೇಟೆಯ ಆಟೋ ಸ್ಟ್ಯಾಂಡಿನವರಿಗೆಲ್ಲ ಆ ಹಗಲಿನ ಕತೆ ಬಾಯಿಪಾಠ. ಒಂದೊಂದು ಸಲ ಹೇಳಿದಾಗಲೂ ಜಿಂಕೆಗಳ ಹಿಂಡು ಸ್ವಲ್ಪ ದೊಡ್ಡದಾಗುತ್ತದೆ.

ಬೇಸಿಗೆಯಲ್ಲಿ ಊರಿನವರು ಹಂದಿ ಕಾಟದ ಬಗ್ಗೆ ಫಾರೆಸ್ಟಿನವರನ್ನು ಕರೆಸಿ ಸಭೆ ಮಾಡಿದರು. ಬೇಟೆ ಕದಿರಪ್ಪ ತಮ್ಮ ಪರ ನಿಲ್ಲುತ್ತಾನೆಂದು ಎಲ್ಲರಿಗೂ ನಂಬಿಕೆ. ಅವನು ಎದ್ದು ಲೈಸೆನ್ಸು ಕೊಡಿ ಎಂದೇ ಕೇಳಿದ, ಚಪ್ಪಾಳೆ ಬಿತ್ತು. "ಆದ್ರೆ ಉರುಳಿಕ್ಕೋರು, ಬೇಲಿಗೆ ಕರೆಂಟ್ ಬಿಡೋರು ಯಾರು ಅಂತ ಗೊತ್ತಾದ್ರೆ ನಾನೇ ಫಾರೆಸ್ಟಿನೋರ್ಗೆ ಇಡ್ಕೊಡ್ತೀನಿ. ನಮ್ಮ ಊರೋನಾದ್ರೂ ಸರಿ, ನನ್ ಮಗನಾದ್ರೂ ಸರಿ" ಎಂದಾಗ ಚಪ್ಪಾಳೆ ನಿಂತುಹೋಯಿತು. ಕೆಲವರು ಈಗಲೂ ಅವನೊಂದಿಗೆ ಸರಿಯಾಗಿ ಮಾತಾಡುವುದಿಲ್ಲ. ಲೈಸೆನ್ಸಿನ ವಿಷಯ ಇನ್ನೂ ಮೇಲಿನವರ ಹತ್ತಿರವೇ ಇದೆ. ವೆಂಕಿ ಹೊಲದಲ್ಲಿ ಅಟ್ಟಣೆ ಕಟ್ಟಿ ಡಬ್ಬ ಬಡಿಯುತ್ತಾನೆ. ಹಂದಿಗಳು ಕೆಲವು ದಿನ ಹೆದರುತ್ತವೆ, ಕೆಲವು ದಿನ ಹೆದರುವುದಿಲ್ಲ.

ಕದಿರಪ್ಪ ಭಾನುವಾರ ಬೆಳಿಗ್ಗೆ ಹಾಲು ಹಾಕಿ, ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಿ ಗೆಳೆಯನಲ್ಲಿಗೆ ಹೋಗುತ್ತಾನೆ. ಕೊಡಬೇಕೋ ಕೊಡಬಾರದೋ ಎಂಬ ವಾದ ಕಾಫಿಯೊಂದಿಗೆ ಶುರುವಾಗಿ ಊಟದವರೆಗೂ ನಡೆಯುತ್ತದೆ. ದನಿ ಏರಿದಾಗ ಕಲ್ಪನ ಒಳಗಿನಿಂದಲೇ, "ಅಪ್ಪಾ, ಉಸಿರು!" ಎಂದು ಗದರುತ್ತಾಳೆ. ಪೆರುಮಾಳ್ ಮಾತು ನಿಲ್ಲಿಸಿ ಎದೆ ನೀವಿಕೊಳ್ಳುತ್ತಾನೆ. ಅವನ ಉಸಿರು ಹದಕ್ಕೆ ಬರುವವರೆಗೆ ಕದಿರಪ್ಪ ತನ್ನ ಉತ್ತರವನ್ನು ನಾಲಿಗೆಯ ತುದಿಯಲ್ಲೇ ಹಿಡಿದುಕೊಂಡು ಕಾಯುತ್ತಾನೆ.